ದೂರಕ್ಕೆ ಬೇಕಾದ ಗುಂಡು

ಸ್ಟೋನಿಹಳ್ಳದ ಗುಡಿಸಲು
ಗುರುವಾರ, 6 ಮೇ 1993

ದೊಡ್ಡಪ್ಪಾ,

ಮೊದಲು ಮನಸಾರೆ ಬೈದುಬಿಡಿ, ಆಮೇಲೆ ಓದಿ. ಇಲ್ಲಿಗೆ ಬಂದು ಮೂರು ವಾರವಾದರೂ ಒಂದು ಸಾಲು ಬರೆಯಲಿಲ್ಲ ಅನ್ನುವುದು ನಿಜ. ಈ ಸಲ ಮೇ ತಿಂಗಳಿಗೇ ಚಳಿಗಾಲ ಬಂದು ಕೂತುಬಿಟ್ಟಿದೆ. ಬೆಳಗ್ಗೆ ಎದ್ದರೆ ಬೂಟುಗಳು ಹೆಪ್ಪುಗಟ್ಟಿರುತ್ತವೆ, ಅವನ್ನು ಒಲೆಯ ಮುಂದೆ ಹಿಡಿದು ಮೆತ್ತಗೆ ಮಾಡುವಷ್ಟರಲ್ಲೇ ನನ್ನ ಅರ್ಧ ಜೀವ ಹೋಗಿರುತ್ತದೆ. ಹಿಮದ ಭಾರಕ್ಕೆ ರೇಡಿಯೊ ತಂತಿ ಹರಿದಿದೆ, ಅದು ಸರಿಯಾಗಬೇಕಾದರೆ ವಸಂತ ಬರಬೇಕಂತೆ. ಗುರುವಾರಕ್ಕೊಮ್ಮೆ ಆರ್ಚಿ ಫಾರಂನಿಂದ ಜೀಪು ತರುತ್ತಾನೆ. ಹಿಟ್ಟು, ಚಹಾಪುಡಿ, ಕಾಗದಪತ್ರ ಎಲ್ಲ ಅದರಲ್ಲೇ ಬರಬೇಕು, ಅದರಲ್ಲೇ ಹೋಗಬೇಕು.

ಕೆಲಸ ನಿಮಗೆ ಗೊತ್ತಿರುವುದೇ. ಕುರಿ ಮೇಯಬೇಕಾದ ಹುಲ್ಲನ್ನು ಟಾರ್‌ಗಳು ಮೇಯುತ್ತಿವೆ, ಈ ಕಾಡುಮೇಕೆಗಳನ್ನು ಚಳಿಗಾಲ ಮುಗಿಯುವುದರೊಳಗೆ ಕಮ್ಮಿ ಮಾಡಿ ಅಂತ ಯಜಮಾನರ ಅಪ್ಪಣೆ. ಜೊತೆಗಿರುವ ರಾವಿರಿ ಹಳೆಯ ಬೇಟೆಗಾರ, ಒಳ್ಳೆಯ ಮನುಷ್ಯ. ಗೊಣಗುವುದರಲ್ಲಿ ಮಾತ್ರ ನಿಮಗೆ ಸರಿಸಾಟಿ.

ಈಗ ವಿಷಯಕ್ಕೆ ಬರುತ್ತೇನೆ. ನೀವು ತುಂಬಿಕೊಟ್ಟ ತೋಟಾಗಳು ಕಾಡಿನ ಜಿಂಕೆಗೆ ಸರಿ. ಇಲ್ಲಿ ಕೊರಕಲಿನ ಈಚೆ ನಾವು, ಆಚೆ ಅವು. ನನ್ನ ಸೆವೆನ್-ಓ-ಎಯ್ಟ್ ಅತ್ತ ದೊಡ್ಡ ಕೋವಿಯೂ ಅಲ್ಲ, ಇತ್ತ ಚಿಕ್ಕದೂ ಅಲ್ಲ. ಮುನ್ನೂರು ಗಜ ದಾಟುವ ಹೊತ್ತಿಗೆ ಗುಂಡಿನ ವೇಗ ಇಳಿದುಹೋಗಿರುತ್ತದೆ. ಆ ಗಟ್ಟಿ ಗುಂಡು ಒಳಗೆ ಹೋದ ಮೇಲೆ ಅರಳುವುದೇ ಇಲ್ಲ, ಸೂಜಿ ಚುಚ್ಚಿದ ಹಾಗೆ ಈ ಕಡೆ ಹೊಕ್ಕು ಆ ಕಡೆ ಹೊರಟುಬಿಡುತ್ತದೆ.

ಸೋಮವಾರ ಒಂದು ಹೋತಕ್ಕೆ ಹೊಡೆದೆ. ಎದೆಗೇ ಬಿದ್ದದ್ದು ದುರ್ಬೀನಿನಲ್ಲಿ ಕಂಡಿತು. ಅದು ತಲೆಯೆತ್ತಿ ನೋಡಿತು, ನಿಂತಿತು, ಆಮೇಲೆ ಮೆಲ್ಲಗೆ ಬಂಡೆಯಂಚಿನ ಮೇಲೆ ನಡೆದು ಹೋಯಿತು. "ನೀನು ಹೊಡೆದಿದ್ದು ಅದಕ್ಕೆ ಗೊತ್ತೇ ಆಗಿಲ್ಲ ಕಣಮ್ಮ, ಒಂದು ಕಾಗದ ಬರೆದು ತಿಳಿಸಿಬಿಡು" ಅಂದ ರಾವಿರಿ. ತಮಾಷೆ ಮಾಡುತ್ತಲೇ ಅದನ್ನು ಮುಗಿಸಲು ಅಂಚಿನ ಮೇಲೆ ಹೋದವನು ಅವನೇ. ಅರ್ಧ ದಾರಿಯಲ್ಲಿ ಅವನ ಕಾಲ ಕೆಳಗಿನ ಒಂದು ಕಲ್ಲು ಜಾರಿತು. ಅದು ಕೆಳಗೆ ಬಿದ್ದ ಸದ್ದು ಕೇಳಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ಆದರೂ ಹೋತವನ್ನು ಮುಗಿಸಿಯೇ ಅವನು ಹಿಂದಿರುಗಿದ.

ದೂರದಲ್ಲೂ ಅರಳುವ ಗುಂಡು ಬೇಕು ದೊಡ್ಡಪ್ಪ. ಹೊಡೆದ ಜಾಗದಲ್ಲೇ ಬೀಳಬೇಕು. ಅಮ್ಮನಿಗೆ ಮಾತ್ರ ಹೇಳಬೇಡಿ.

ಬೆರಳು ಮರಗಟ್ಟಿದ,
ನೆಸ್ಸಾ


ಫೇರ್ಲಿ
11 ಮೇ

ನೆಸ್ಸಾ,

ಬೈಯುವುದನ್ನು ಬೈದಾಯಿತು, ಗೋಡೆಗೆ. ನೀನು ಕೇಳಿಸಿಕೊಂಡಂತಾಯಿತು.

ಮುನ್ನೂರು ಗಜಕ್ಕೆ ಹೊಡೆಯುತ್ತೇನೆ ಅಂತ ಬರೆದಿದ್ದೀಯಲ್ಲ, ಮೊದಲು ಆ ದೂರದಲ್ಲಿ ಒಂದು ಕಾಗದದ ತಟ್ಟೆ ನಿಲ್ಲಿಸಿ ಹೊಡೆ. ನೆಲಕ್ಕೆ ಮಲಗಿ, ಚೀಲದ ಮೇಲೆ ಕೋವಿ ಇಟ್ಟು, ಚಳಿಯಲ್ಲಿ, ಓಡಿ ಬಂದು ಏದುಸಿರು ಬಿಡುತ್ತಿರುವಾಗ ಹೊಡೆ. ಪ್ರತಿ ಸಲವೂ ತಟ್ಟೆಗೆ ಬಿದ್ದರೆ ಅದು ನಿನ್ನ ದೂರ. ಒಂದು ತಪ್ಪಿದರೂ ಹತ್ತಿರಕ್ಕೆ ಬಾ. ಗುಂಡು ಎಷ್ಟು ದೂರ ಹೋಗುತ್ತದೆ ಅನ್ನುವುದು ಕಾರ್ಖಾನೆಯವರ ಲೆಕ್ಕ. ಅದು ತಗುಲಿದ ಮೇಲೆ ಪ್ರಾಣಿ ಎಲ್ಲಿಗೆ ಹೋಗುತ್ತದೆ ಅನ್ನುವುದು ನಮ್ಮ ಲೆಕ್ಕ.

ಗುಂಡಿನ ವಿಷಯ ನೀನು ಹೇಳಿದ್ದು ಸರಿಯೇ, ಅದಕ್ಕೇ ನನಗೆ ಇನ್ನೂ ಕೋಪ. ಜಿಂಕೆಗೆ ಅಂತ ಕೊಟ್ಟದ್ದು ದಪ್ಪ ತಾಮ್ರದ ಕವಚ ಇರುವ ಗಟ್ಟಿ ಗುಂಡು. ವೇಗವಾಗಿ ಬಡಿದರೆ ಮಾತ್ರ ಅದು ಅರಳುತ್ತದೆ. ಈಗ ತುದಿಗೆ ಪ್ಲಾಸ್ಟಿಕ್ ಮೊನೆ ಕೂರಿಸಿದ, ತೆಳು ಕವಚದ ಮೆತ್ತನೆಯ ಗುಂಡು ಬಂದಿದೆ. ನೂರ ನಲವತ್ತು ಗ್ರೇನ್ ತೂಕದ್ದು, ನಿನ್ನ ಕೋವಿಗೆ ಹೇಳಿ ಮಾಡಿಸಿದಂತಿದೆ. ಗಾಳಿಗೆ ಅಷ್ಟು ಬೇಗ ಸೋಲುವುದಿಲ್ಲ, ವೇಗ ಇಳಿದ ಮೇಲೂ ಅರಳುತ್ತದಂತೆ. ಅಂತೆ, ಅಷ್ಟೆ. ನಾನೇ ಹೊಡೆದು ನೋಡುವವರೆಗೆ ನಿನ್ನ ಕೈಗೆ ಕೊಡುವುದಿಲ್ಲ.

ನಿನಗೆ ಏಳು ವರ್ಷವಾದಾಗ ಹೇಳಿಕೊಟ್ಟದ್ದು ನೆನಪಿದೆಯಲ್ಲ? ಗಾಯ ಮಾಡಿದ್ದನ್ನು ಬಿಟ್ಟು ಬರಬಾರದು. ಆ ನಿಯಮ ಇರುವುದಕ್ಕೇ ಗುಂಡು ಆರಿಸುವಾಗ ನಾನು ನೂರು ಸಲ ತೂಗಿ ನೋಡುತ್ತೇನೆ. ನಿಮ್ಮಪ್ಪನನ್ನು ಕೊಂದದ್ದು ಬಂಡೆಯಲ್ಲ, ಹಿಮವಲ್ಲ. ಅರೆಬರೆ ಕೆಲಸ ಮಾಡಿದ ಒಂದು ಗುಂಡು ಅವನನ್ನು ಆ ಅಂಚಿಗೆ ಕರೆದುಕೊಂಡು ಹೋಯಿತು.

ಸೊಂಟದ ಮೂಳೆ ಬದಲಿಸಿದ ಮೇಲೆ ಗುಡ್ಡ ಹತ್ತುವುದು ನನ್ನಿಂದ ಆಗದ ಮಾತು. ಇಲ್ಲದಿದ್ದರೆ ನಾನೇ ಬಂದು ನಿನ್ನ ಪಕ್ಕ ಮಲಗಿರುತ್ತಿದ್ದೆ.

ಗೊಣಗುವವನು,
ಫರ್ಗಸ್ ದೊಡ್ಡಪ್ಪ


ಟಿಮಾರು
17 ಮೇ

ಭಾವನವರಿಗೆ,

ಒಂಬತ್ತು ವರ್ಷದಲ್ಲಿ ನಾನು ನಿಮಗೆ ಕಳಿಸಿದ್ದು ಕ್ರಿಸ್‌ಮಸ್ ಕಾರ್ಡು ಮಾತ್ರ. ಅದರಲ್ಲೂ ಹೆಸರು ಬಿಟ್ಟು ಬೇರೇನೂ ಬರೆಯುತ್ತಿರಲಿಲ್ಲ. ಇವತ್ತು ಬರೆಯುತ್ತಿದ್ದೇನೆ ಅಂದರೆ ಏನು ಗತಿಯಾಗಿದೆ ಅಂತ ನೀವೇ ತಿಳಿದುಕೊಳ್ಳಿ.

ಶನಿವಾರ ಬೇಕರಿಗೆ ಆರ್ಚಿಯ ಹೆಂಡತಿ ಬಂದಿದ್ದಳು. "ನಿಮ್ ಮಗಳು ಮುನ್ನೂರು ಗಜಕ್ಕೆ ಹೊಡೀತಾಳಂತೆ, ಅವರ ದೊಡ್ಡಪ್ಪ ಇನ್ನೂ ದೂರದ್ದು ಮಾಡಿಕೊಡ್ತಾರಂತೆ. ಭಾರೀ ಗಟ್ಟಿಗಿತ್ತಿ ಬಿಡಿ" ಅಂದಳು. ನಾನು ಬ್ರೆಡ್ಡು ಕೊಯ್ಯುತ್ತಿದ್ದೆ. ಕತ್ತಿ ಕೆಳಗಿಟ್ಟು ಹಿಂದುಗಡೆ ಹೋಗಿ ಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟೆ. ನನ್ನ ಮಗಳು ಕುರಿ ಕಾಯುವುದಕ್ಕೆ ಹೋಗಿದ್ದಾಳೆ ಅಂದುಕೊಂಡಿದ್ದೆ ಭಾವ. ಹಾಗಂತಲೇ ಹೇಳಿ ಹೋದಳು.

ನಿಮ್ಮ ತಮ್ಮ ಡೂಗಲ್ ಹೋದಾಗಿನ ಮಾತು ನಾನು ಯಾರ ಹತ್ತಿರವೂ ಆಡಿಲ್ಲ. ಬೇಟೆಗೆ ಹೋದವರು ಬರಲಿಲ್ಲ, ನೀವೆಲ್ಲ ಹುಡುಕಲು ಹೋದಿರಿ. ನಾನು ಅಡುಗೆಮನೆಯಲ್ಲಿ ಬೆಂಚಿನ ಮೇಲೆ ಕೂತಿದ್ದೆ. ನೆಸ್ಸಾ ಬಂದು "ಅಪ್ಪ ಯಾಕೆ ಅದನ್ನ ಬಿಟ್ಟು ಬರಲಿಲ್ಲ?" ಅಂತ ಕೇಳಿದಳು. ಹದಿನಾಲ್ಕು ವರ್ಷದವಳು. ಆಮೇಲೆ ಅವಳೇ ಹೇಳಿದಳು, "ಗಾಯ ಮಾಡಿದ್ದನ್ನ ಬಿಟ್ಟು ಬರಬಾರದು ಅಲ್ವಾ, ಅದಕ್ಕೆ." ಆವತ್ತಿನಿಂದ ನನಗೆ ಹೆದರಿಕೆ. ಸತ್ತವರ ಬಗ್ಗೆ ಅಲ್ಲ, ಆ ಮಾತು ಹೇಳಿದವಳ ಬಗ್ಗೆ.

ಅವಳಿಗೆ ದೂರದ ಗುಂಡು ಕೊಡಬೇಡಿ. ಕೊಟ್ಟರೆ ಅವಳು ಕೊರಕಲಿನ ಆಚೆಗೆ ಹೊಡೆಯುತ್ತಾಳೆ, ಆಮೇಲೆ ಅಲ್ಲಿಗೇ ಹೋಗುತ್ತಾಳೆ. ಕೊಡಲೇಬೇಕು ಅಂತಿದ್ದರೆ ಮದ್ದು ಕಮ್ಮಿ ಹಾಕಿ ಕೊಡಿ. ಗುಂಡು ಅಷ್ಟು ದೂರ ಮುಟ್ಟದೇ ಇರಲಿ, ಬೇಸತ್ತು ಮನೆಗೆ ಬರಲಿ. ಅವಳಿಗೆ ಗೊತ್ತಾಗುವುದು ಬೇಡ. ಇದು ಮೋಸ ಅಂತ ನನಗೂ ಗೊತ್ತು. ತಾಯಿಯಾಗಿ ಕೇಳುತ್ತಿದ್ದೇನೆ.

ಎಲ್ಸ್‌ಪೆತ್


ಫೇರ್ಲಿ
21 ಮೇ

ಎಲ್ಸ್‌ಪೆತ್,

ನಿನ್ನ ಕಾಗದ ಓದಿ ಆವತ್ತು ಊಟ ಸೇರಲಿಲ್ಲ. ನೀನು ಹೇಳಿದಂತೆ ಮಾಡುವುದು ನನಗೆ ಕಷ್ಟವಲ್ಲ. ತಕ್ಕಡಿಯಲ್ಲಿ ನಾಲ್ಕು ಕಾಳು ಮದ್ದು ತೆಗೆದರೆ ಆಯಿತು. ಆದರೆ ಮದ್ದು ಕಮ್ಮಿಯಾದ ಗುಂಡು ಅಲ್ಲಿಗೆ ಮುಟ್ಟುವುದಿಲ್ಲ ಅಂದುಕೊಂಡಿದ್ದೀಯಲ್ಲ, ಮುಟ್ಟುತ್ತದಮ್ಮಾ. ಕೆಳಗೆ ಬಿದ್ದು, ಎದೆಗೆ ಬೀಳಬೇಕಾದದ್ದು ಹೊಟ್ಟೆಗೋ ಕಾಲಿಗೋ ಬೀಳುತ್ತದೆ. ಅರಳದೆ ಸುಮ್ಮನೆ ತೂತು ಮಾಡುತ್ತದೆ. ಆಗ ಪ್ರಾಣಿ ಅಂಚಿಗೆ ಹೋಗುತ್ತದೆ, ನಿನ್ನ ಮಗಳು ಅದರ ಹಿಂದೆ ಹೋಗುತ್ತಾಳೆ. ನೀನು ಯಾವುದಕ್ಕೆ ಹೆದರಿದ್ದೀಯೋ ಅದನ್ನೇ ನನ್ನ ಕೈಯಿಂದ ಮಾಡಿಸುತ್ತಿದ್ದೀಯ.

ಬೇಟೆ ಬಿಟ್ಟು ಬಾ ಅಂದರೆ ಬರುವ ಜಾತಿಯೇ ಅದು? ಯಾರ ಮಗಳು? ನಾನು ಹೇಳಿದರೆ ಇನ್ನೊಂದು ಅಂಗಡಿಯಲ್ಲಿ ಸಿಕ್ಕಿದ್ದನ್ನು ಕೊಂಡು ಹೊಡೆಯುತ್ತಾಳೆ.

ಅದಕ್ಕೇ ಹೊಸ ಗುಂಡನ್ನು ಪರೀಕ್ಷೆ ಮಾಡಿದೆ, ಮಾಂಸದ ಬದಲು ಒದ್ದೆ ಕಾಗದಕ್ಕೆ ಹೊಡೆದು. ಊರಿನವರ ಹಳೆಯ ಪೇಪರೆಲ್ಲ ತಂದು ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿದ್ದೆ. "ನಿಮ್ಮನೇಲಿ ಪೇಪರ್ ಓದೋದು ಯಾವಾಗ, ಬರೀ ನೆನೆಹಾಕೋದೇ ಆಯ್ತಲ್ಲ" ಅಂತ ಪಕ್ಕದ ಮನೆ ಗ್ರೆಟಾ ನಗುತ್ತಾಳೆ. ನೆನೆದ ಕಟ್ಟುಗಳನ್ನು ಅವಳ ಗಂಡನ ಟ್ರಾಕ್ಟರಿನಲ್ಲಿ ಹೊಲದ ಆ ತುದಿಗೆ ಸಾಗಿಸಿ, ಮುನ್ನೂರು ಗಜಕ್ಕೆ, ಮುನ್ನೂರೈವತ್ತಕ್ಕೆ ಹೊಡೆದೆ. ಹಳೆಯ ಗುಂಡು ಹೋದ ಹಾಗೇ ಹೊರಬಂತು. ಹೊಸದು ಅಣಬೆಯಂತೆ ಅರಳಿ ಕಟ್ಟಿನ ನಡುವೆ ನಿಂತಿತ್ತು, ಸುತ್ತಲಿನ ಕಾಗದ ಮುದ್ದೆಯಾಗಿತ್ತು. ಆ ಗುಂಡು ತಗುಲಿದ ಹೋತ ನಾಲ್ಕು ಹೆಜ್ಜೆ ಇಡುವುದಿಲ್ಲ. ನಾಲ್ಕು ಹೆಜ್ಜೆ ಇಡದಿದ್ದರೆ ಯಾರೂ ಅದರ ಹಿಂದೆ ಹೋಗಬೇಕಾಗಿಲ್ಲ.

ತೋಟಾಗಳನ್ನು ಆರ್ಚಿಯ ಕೈಲಿ ಕಳಿಸುತ್ತಿದ್ದೇನೆ. ನನಗೂ ಹೆದರಿಕೆ ಇದೆ ಎಲ್ಸ್‌ಪೆತ್. ಇಲ್ಲ ಅಂತ ಯಾರು ಹೇಳಿದರು?

ಫರ್ಗಸ್


ಸ್ಟೋನಿಹಳ್ಳದ ಗುಡಿಸಲು
ಗುರುವಾರ, 3 ಜೂನ್

ದೊಡ್ಡಪ್ಪಾ,

ನಿಮ್ಮ ಕೈ ಇಲ್ಲಿಂದಲೇ ಹಿಡಿದು ಕುಲುಕುತ್ತಿದ್ದೇನೆ! ತಟ್ಟೆಯ ಪರೀಕ್ಷೆ ಮಾಡಿದೆ. ಮುನ್ನೂರೈವತ್ತರ ತನಕ ಒಂದೂ ತಪ್ಪಲಿಲ್ಲ, ನಾನೂರರಲ್ಲಿ ತಪ್ಪಿತು, ಆದ್ದರಿಂದ ನಾನೂರು ನನ್ನದಲ್ಲ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

ಮೊದಲ ಹೋತ ಮುನ್ನೂರು ಚಿಲ್ಲರೆ ಗಜದಲ್ಲಿತ್ತು. ಒಂದೇ ಈಡಿಗೆ ಹಿಟ್ಟಿನ ಮೂಟೆಯ ಹಾಗೆ ಕುಸಿಯಿತು. ರಾವಿರಿ ದುರ್ಬೀನಿನಿಂದ ಕಣ್ಣು ತೆಗೆಯದೆ, "ನಿಮ್ ದೊಡ್ಡಪ್ಪನಿಗೆ ಮದುವೆ ಆಗಿದೆಯಾ?" ಅಂತ ಕೇಳಿದ. ಆಗಿಲ್ಲ ಅಂದೆ. "ನನ್ನ ತಂಗಿ ಇದಾಳೆ ನೋಡು" ಅಂದ. ಆಮೇಲೆ ಇನ್ನೂ ಹಲವು ಬಿದ್ದಿವೆ, ಒಂದೂ ಜಾಗ ಬಿಟ್ಟು ಅಲುಗಲಿಲ್ಲ. ಹಳೆಯ ಗಟ್ಟಿ ತೋಟಾಗಳನ್ನು ಅಟ್ಟಕ್ಕೆ ಎಸೆದಿದ್ದೇನೆ.

ಅಂಚುಗಳ ಮೇಲೆ ಈಗ ಮಂಜುಗಡ್ಡೆ ಕಟ್ಟಿದೆ. ದೂರದಿಂದ ನೋಡಿದರೆ ಒದ್ದೆ ಬಂಡೆ, ಹತ್ತಿರ ಹೋದರೆ ಗಾಜು. ಮೇಲುಗಡೆ ಒಂದು ಮುದಿ ಹೋತ ಇದೆ, ಕತ್ತಿನ ಕೂದಲು ಮೊಣಕಾಲಿನ ತನಕ ಇಳಿದಿದೆ. ಇನ್ನೂ ಕೋವಿಗೆ ಸಿಕ್ಕಿಲ್ಲ.

ಹಿಗ್ಗಿರುವ,
ನೆಸ್ಸಾ


ಫೇರ್ಲಿ
ಮಂಗಳವಾರ, 8 ಜೂನ್

ನೆಸ್ಸಾ,

ಇದನ್ನು ನಿಂತಲ್ಲೇ ಓದು. ಆರ್ಚಿ ಹೊರಡುವ ಮೊದಲೇ ಓದು.

ಹೊಲದ ತುಂಬ ಹಿಮ, ಟ್ರಾಕ್ಟರು ಹೋಗುವುದಿಲ್ಲ. ಉಳಿದ ಒದ್ದೆ ಕಾಗದ ದಂಡವಾಗಬಾರದು ಅಂತ ನಿನ್ನೆ ಶೆಡ್ಡಿನ ಹಿಂದೆಯೇ ನಿಲ್ಲಿಸಿ ಒಂದು ಹೊಡೆದೆ. ಮೂವತ್ತು ಹೆಜ್ಜೆ ಇರಬಹುದು. ಹೋಗಿ ನೋಡಿದರೆ ಗುಂಡು ಮೊದಲ ಕಟ್ಟಿನಲ್ಲೇ ಪುಡಿಪುಡಿ. ಅಂಗೈಯಷ್ಟು ಗುಂಡಿ, ಅದರಾಚೆ ಕಾಗದ ಹೊಸದರಂತೆ ಇದೆ. ಮತ್ತೊಂದು ಹೊಡೆದೆ, ಅದೂ ಹಾಗೇ.

ಮೆತ್ತನೆಯ ಗುಂಡು ದೂರದಲ್ಲಿ ವೇಗ ಇಳಿದ ಮೇಲೆ ಹದವಾಗಿ ಅರಳುತ್ತದೆ. ಹತ್ತಿರದಲ್ಲಿ ಪೂರ್ತಿ ವೇಗದಲ್ಲಿ ಬಡಿದರೆ ಒಳಗೆ ಹೋಗುವ ಮೊದಲೇ ಒಡೆಯುತ್ತದೆ. ಮುದಿ ಹೋತದ ಭುಜದ ಮೂಳೆ, ಆ ಕೂದಲು, ಆ ಚರ್ಮ ಇದ್ದರೆ ಕೇಳುವುದೇ ಬೇಡ. ದೂರ ದೂರ ಅಂತ ದೂರದ್ದನ್ನೇ ಪರೀಕ್ಷೆ ಮಾಡಿದೆ. ಹತ್ತಿರದಲ್ಲಿ ಯಾರು ಹೊಡೆಯುತ್ತಾರೆ ಅಂದುಕೊಂಡೆ. ನನ್ನ ಬುದ್ಧಿಗೆ ಏನೆನ್ನಲಿ!

ಅಟ್ಟದಲ್ಲಿರುವ ಹಳೆಯ ತೋಟಾಗಳನ್ನು ಇಳಿಸು. ನಡೆಯುವಾಗ ಕೋವಿಯಲ್ಲಿ ಗಟ್ಟಿಯದೇ ಇರಲಿ. ಮಲಗಿ ದೂರಕ್ಕೆ ಹೊಡೆಯುವಾಗ ಮಾತ್ರ ಹೊಸದನ್ನು ಹಾಕು. ಹತ್ತಿರದಲ್ಲಿ ಎದುರಾದರೆ, ಕೋವಿಯಲ್ಲಿ ಹೊಸದೇ ಇದ್ದರೆ, ಹೊಡೆಯಲೇಬೇಡ. ಹೋಗಲಿ ಬಿಡು.

ಫರ್ಗಸ್


ಸ್ಟೋನಿಹಳ್ಳದ ಗುಡಿಸಲು
ಗುರುವಾರ, 10 ಜೂನ್

ದೊಡ್ಡಪ್ಪ,

ನಿಮ್ಮ ಕಾಗದ ಈಗ ತಾನೇ ಓದಿದೆ. ಆರ್ಚಿ ಒಳಗೆ ಚಹಾ ಕುಡಿಯುತ್ತಿದ್ದಾನೆ. ಅವನಿಗೆ ಏನೂ ಹೇಳಿಲ್ಲ. ನನ್ನ ಮುಖ ನೋಡಿ "ಏನಮ್ಮ, ಜ್ವರಾನಾ?" ಅಂದ. ಹೌದು ಅಂದೆ.

ಮೊನ್ನೆ ಮಂಗಳವಾರವೇ ಆಗಿಹೋಯಿತು. ರಾವಿರಿ ಹಲ್ಲುನೋವು ಅಂತ ಫಾರಂಗೆ ಇಳಿದಿದ್ದಾನೆ, ವಾರ ಕಳೆದು ಬರುತ್ತಾನೆ. ನಾನೊಬ್ಬಳೇ ಮೇಲಿನ ದಾರಿಯಲ್ಲಿ ಹೋಗುತ್ತಿದ್ದೆ. ಒಂದು ಬಂಡೆ ಸುತ್ತಿ ಬಂದರೆ ಆ ಮುದಿ ಹೋತ ಎದುರಿಗೇ ನಿಂತಿದೆ. ಅದರ ಉಸಿರು ಕಾಣುತ್ತಿತ್ತು, ಅಷ್ಟು ಹತ್ತಿರ. ಯೋಚನೆ ಮಾಡದೆ ಭುಜಕ್ಕೆ ಹೊಡೆದೆ. ಕೂದಲು ಹಾರಿತು, ಬಟ್ಟಲಿನಷ್ಟು ಗಾಯ ಕೆಂಪಗೆ ಬಾಯ್ತೆರೆಯಿತು. ಅದು ಬೀಳಲಿಲ್ಲ. ಒಂದು ಸಲ ಕೆಮ್ಮಿತು. ಮುಂಗಾಲು ಎಳೆಯುತ್ತಾ ಪಕ್ಕದ ಅಂಚಿಗೆ ಇಳಿದು, ತಿರುವಿನಾಚೆ ಮರೆಯಾಯಿತು.

ಹಿಂದೆ ಹೋದೆ. ಅಂಚು ಎರಡು ಬೂಟು ಅಗಲ, ಮೇಲೆ ಮಂಜುಗಡ್ಡೆ. ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದಿನ ಕಾಲು ಜಾರಿತು. ಮೊಣಕಾಲೂರಿ, ಬಂಡೆಯನ್ನು ಉಗುರಿನಿಂದ ಹಿಡಿದು ಕೂತೆ. ಕೆಳಗೆ ನೋಡಿದೆ. ನೋಡಬಾರದಿತ್ತು. ತಿರುವಿನ ಆಚೆಯಿಂದ ಅದರ ಉಸಿರಾಟ ಕೇಳುತ್ತಿತ್ತು ದೊಡ್ಡಪ್ಪ. ತೆವಳಿಕೊಂಡು ಹಿಂದಕ್ಕೆ ಬಂದುಬಿಟ್ಟೆ.

ಬಿಟ್ಟು ಬಂದೆ. ನಿಮ್ಮ ಕೈಲಿ ಕಲಿತವಳು, ಅಪ್ಪನ ಮಗಳು, ಬಿಟ್ಟು ಬಂದೆ. ಕಣ್ಣು ಮುಚ್ಚಿದರೆ ಆ ಕೆಮ್ಮು ಕೇಳುತ್ತದೆ. ಅಪ್ಪನಿಗೂ ಹೀಗೇ ಹೆದರಿಕೆ ಆಗಿರುತ್ತದೆ, ಆದರೂ ಅವರು ಹೋದರು.

ಇವತ್ತೂ ನಾಳೆಯೂ ಹಿಮಗಾಳಿ. ಶನಿವಾರ ತೆರವಾಗುತ್ತದಂತೆ. ಶನಿವಾರ ಬೆಳಗ್ಗೆ ಹೋಗಿ ಮುಗಿಸಿ ಬರುತ್ತೇನೆ. ಗಟ್ಟಿ ತೋಟಾ ಅಟ್ಟದಿಂದ ಇಳಿಸಿದ್ದೇನೆ. ನಿಮ್ಮದು ಏನೂ ತಪ್ಪಿಲ್ಲ. ಅಮ್ಮನಿಗೆ ಹೇಳಬೇಡಿ.

ನೆಸ್ಸಾ


ಫೇರ್ಲಿ
ಶುಕ್ರವಾರ, 11 ಜೂನ್
ಅಮ್ಮನ ಕೈಲಿ

ನೆಸ್ಸಾ,

ನಿನ್ನ ಕಾಗದ ಮಧ್ಯಾಹ್ನ ಸಿಕ್ಕಿತು. ಆ ಕ್ಷಣವೇ ಅಮ್ಮನಿಗೆ ಫೋನ್ ಮಾಡಿದೆ. ಹೇಳಬೇಡಿ ಅಂತ ನೀನು ಬರೆದಿದ್ದೆ, ಆದರೂ ನಾನು ಹೇಳಿದೆ, ಏನು ಬೇಕಾದರೂ ಅಂದುಕೋ. ಅವಳು ಅಂಗಡಿಯ ಏಪ್ರನ್ನು ಕೂಡ ಬಿಚ್ಚದೆ ಕಾರು ಹತ್ತಿ ಬಂದಿದ್ದಾಳೆ, ಈಗ ನನ್ನ ಅಡುಗೆಮನೆಯಲ್ಲಿ ನಿಂತು "ಬೇಗ ಬರೀರಿ ಭಾವ, ಬೇಗ" ಅನ್ನುತ್ತಿದ್ದಾಳೆ. ಬೆಳಕು ಹರಿಯುವ ಹೊತ್ತಿಗೆ ಆರ್ಚಿ ಅವಳನ್ನು ಅಲ್ಲಿಗೆ ಮುಟ್ಟಿಸಬೇಕು.

ಆ ಅಂಚಿಗೆ ಕಾಲಿಡಬೇಡ. ಕೇಳಿಸಿತೇ? ಕಾಲಿಡಬೇಡ.

ಶುರು ಮಾಡಿದ್ದನ್ನು ಮುಗಿಸಬೇಕು, ಅದು ನಿಯಮ. ಹತ್ತಿರ ಹೋಗಿ ಮುಗಿಸಬೇಕು ಅಂತ ಎಲ್ಲಿದೆ? ನಿಮ್ಮಪ್ಪನ ಹತ್ತಿರ ಇದ್ದ ಹಳೆಯ ಕೋವಿಯಲ್ಲಿ ನೂರು ಗಜದಾಚೆ ಏನೂ ಆಗುತ್ತಿರಲಿಲ್ಲ, ಅವನಿಗೆ ಬೇರೆ ದಾರಿ ಇರಲಿಲ್ಲ. ನಿನಗೆ ಇದೆ. ಭುಜ ಒಡೆದ ಹೋತ ಆ ಅಂಚು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಬಿಸಿಲಿಗೆ ಮೈಯೊಡ್ಡಿ ಮಲಗಿರುತ್ತದೆ. ಕೊರಕಲು ಇಳಿದು, ಎದುರು ಗುಡ್ಡಕ್ಕೆ ಹತ್ತು. ಅದು ಹುಲ್ಲಿನ ಗುಡ್ಡ, ಎಮ್ಮೆಯೂ ಹತ್ತುತ್ತದೆ. ಅಲ್ಲಿಂದ ಆ ಅಂಚು ಪೂರ್ತಿ ಕಾಣುತ್ತದೆ, ನಕ್ಷೆಯಲ್ಲಿ ನೋಡಿದರೆ ಮುನ್ನೂರು ಚಿಲ್ಲರೆ ಗಜ. ಮೆತ್ತನೆಯ ತೋಟಾ ಹಾಕು. ಹತ್ತಿರದಲ್ಲಿ ಕೈಕೊಟ್ಟದ್ದು ಅಲ್ಲಿಗೆ ಸರಿಯಾಗಿ ಕೆಲಸ ಮಾಡುತ್ತದೆ, ಅದಕ್ಕೆಂದೇ ಆರಿಸಿದ್ದು. ಮುನ್ನೂರಿಗೆ ಒಂದು ಗೇಣು ಮೇಲೆ ಹಿಡಿ, ಮುನ್ನೂರೈವತ್ತಿಗೆ ಒಂದೂವರೆ. ಬೆಳಗಿನ ಗಾಳಿ ಕಣಿವೆಯಿಂದ ಕೆಳಕ್ಕೆ ಬೀಸುತ್ತದೆ, ಅದು ನಿಲ್ಲುವ ತನಕ ಕಾಯಿ. ಮುನ್ನೂರೈವತ್ತಕ್ಕಿಂತ ದೂರವಿದ್ದರೆ ಹೊಡೆಯಬೇಡ.

ಬಿದ್ದ ಮೇಲೆ ಅಲ್ಲೇ ಇರಲಿ. ಕೋಡು ಬೇಡ, ಚರ್ಮ ಬೇಡ. ಅದೆಷ್ಟೇ ದೊಡ್ಡ ಕೋಡಾಗಿರಲಿ, ನನಗೆ ನೀನು ಬೇಕು.

ಇನ್ನು ಬರೆಯಲು ಅಮ್ಮ ಬಿಡುತ್ತಿಲ್ಲ.

ದೊಡ್ಡಪ್ಪ


ಟಿಮಾರು
15 ಜೂನ್

ಭಾವನವರಿಗೆ,

ಫೋನಿನಲ್ಲಿ ಬರೀ "ಇದಾಳೆ, ಇದಾಳೆ" ಅಂತ ಹೇಳಿ ಇಟ್ಟುಬಿಟ್ಟೆ. ಈಗ ಕೂತು ಬರೆಯುತ್ತೇನೆ.

ಆರ್ಚಿ ರಾತ್ರಿಯೇ ಜೀಪಿನ ಚಕ್ರಗಳಿಗೆ ಸರಪಳಿ ಕಟ್ಟಿಟ್ಟಿದ್ದ. ನದಿ ದಾಟುವಾಗ ನೀರು ಬಾಗಿಲಿನ ಸಂದಿಯಿಂದ ಒಳಗೆ ಬಂತು. ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಡೂಗಲ್ ಸತ್ತ ಮೇಲೆ ಒಂಬತ್ತು ವರ್ಷ ನಾನು ಆ ಕಣಿವೆಯ ಹೆಸರು ಹೇಳಿದವಳಲ್ಲ. ಗುಡಿಸಲಿನ ಹೊಗೆಕೊಳವೆಯಲ್ಲಿ ಹೊಗೆ ಇರಲಿಲ್ಲ. "ಹೋಗಿಬಿಟ್ಟಿದಾಳೆ ಆರ್ಚಿ" ಅಂದೆ. ಜೀಪು ನಿಲ್ಲುವ ಮೊದಲೇ ಇಳಿದು ಓಡಿದೆ, ಬಿದ್ದೆ, ಎದ್ದೆ. ಅವಳು ಹಿತ್ತಲ ಬಾಗಿಲಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದಳು.

"ಅಮ್ಮ? ನೀನೇನು ಮಾಡ್ತಿದೀಯ ಇಲ್ಲಿ?" ಅಂದಳು. ಕಣ್ಣು ಗುಳಿಬಿದ್ದು, ತುಟಿ ಒಡೆದು, ಥೇಟ್ ಅವರಪ್ಪನ ಮುಖ. ಬೈಯಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಎಲ್ಲ ಮರೆತುಹೋಯಿತು. ನಿಮ್ಮ ಕಾಗದ ಕೊಟ್ಟೆ. ನಿಂತೇ ಓದಿದಳು. ಎರಡು ಸಲ ಓದಿದಳು.

"ದೂರದಿಂದ ಹೊಡೆಯೋದು ಹೇಡಿತನ ಅಲ್ವಾ ಅಮ್ಮ?" ಅಂದಳು.

"ಹೇಡಿಯಾಗೇ ಮನೆಗೆ ಬಾರೇ" ಅಂದೆ. "ನಿನಗೆ ಏನು ಬೇಕಾದರೂ ಹೆಸರಿಡಲಿ, ಕಾಲ್ನಡಿಗೇಲಿ ಬಾ."

ಅವಳು ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ಎದುರು ಗುಡ್ಡಕ್ಕೆ ಹೊರಟಳು. ನಾನೂ ಹಿಂದೆಯೇ ಹೊರಟೆ. ಎಮ್ಮೆಯೂ ಹತ್ತುತ್ತದೆ ಅಂತ ಬರೆದಿದ್ದಿರಲ್ಲ ಭಾವ, ನಿಮ್ಮನ್ನು ಅಲ್ಲಿಗೆ ಹತ್ತಿಸಬೇಕಿತ್ತು. ಅರ್ಧಕ್ಕೆ ನನ್ನ ಉಸಿರು ನಿಂತೇಹೋಯಿತು. ಅವಳು ಕೈ ಕೊಟ್ಟು ಎಳೆದುಕೊಂಡು ಹೋದಳು.

ಮೇಲೆ ಇಬ್ಬರೂ ಮಲಗಿದೆವು. ಆಚೆ ಗೋಡೆಯಂಥ ಬಂಡೆ, ಅದಕ್ಕೆ ಅಡ್ಡಲಾಗಿ ಬೆಳ್ಳಗೆ ಹೊಳೆಯುವ ಒಂದು ಗೆರೆ. "ಅದೇ ಅಂಚು" ಅಂದಳು. ಅವಳು ಆ ಗೆರೆಯ ಮೇಲೆ ಹೋಗಿದ್ದಳು, ಮತ್ತೆ ಹೋಗಲಿದ್ದಳು. ಡೂಗಲ್ ಹೋದ ಅಂಚು ಹೇಗಿತ್ತು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಹೀಗೇ ಇದ್ದಿರಬೇಕು.

ಹೋತ ಅಲ್ಲೇ ಇತ್ತು, ಬಿಸಿಲು ಬೀಳುವ ಮೂಲೆಯಲ್ಲಿ, ತಲೆ ಬಂಡೆಗೆ ಆನಿಸಿ. ಬದುಕಿತ್ತು. ಅದನ್ನು ನೋಡಿದ ಮೇಲೆ ನನಗೂ ಅರ್ಥವಾಯಿತು, ಹಾಗೇ ಬಿಟ್ಟು ಬಾ ಅಂತ ಹೇಳುವುದು ಎಷ್ಟು ಕಷ್ಟ ಅಂತ. ನೆಸ್ಸಾ ನಕ್ಷೆ ನೋಡಿ ಲೆಕ್ಕ ಹಾಕಿದಳು. ಮುನ್ನೂರಕ್ಕಿಂತ ಸ್ವಲ್ಪ ಹೆಚ್ಚು. ಗಾಳಿ ನಿಲ್ಲಲಿಲ್ಲ, ಕಾದೆವು. ನಾನು ಅವಳ ಕೋಟಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. "ಬಿಡಮ್ಮ, ಕೋವಿ ಅಲುಗುತ್ತೆ" ಅಂದಳು. ಬಿಡಲಿಲ್ಲ. "ಹೋಗ್ಲಿ, ಹಾಗಾದ್ರೆ ಉಸಿರಾಡಬೇಡ" ಅಂದಳು.

ಗಾಳಿ ನಿಂತಿತು. ನಿಮ್ಮ ಗುಂಡಿನ ಸದ್ದು ಕಣಿವೆಯಲ್ಲೆಲ್ಲ ತಿರುಗಿ ಬಂತು. ಹೋತದ ತಲೆ ಮೆಲ್ಲಗೆ ಕೆಳಗೆ ಬಿತ್ತು, ಅಷ್ಟೆ. ಒಂದು ಹೆಜ್ಜೆಯೂ ಇಡಲಿಲ್ಲ. ನೆಸ್ಸಾ ಮುಖವನ್ನು ಹುಲ್ಲಿಗೆ ಒತ್ತಿಕೊಂಡು ಬಹಳ ಹೊತ್ತು ಮಲಗಿದ್ದಳು. ನಾನು ಬೆನ್ನು ಸವರುತ್ತಿದ್ದೆ.

ಎಲ್ಲ ಮುಗಿಯಿತು ಅಂದುಕೊಂಡೆ. ಆಗ ಅವಳು ಎದ್ದು ಕೂತು ದುರ್ಬೀನು ಹಚ್ಚಿದಳು. "ಅಮ್ಮ, ಎಂಥ ಕೋಡು ಗೊತ್ತಾ. ರಾವಿರಿ ಕೂಡ ಇಷ್ಟು ದೊಡ್ಡದು ತೆಗೆದಿಲ್ಲ" ಅಂದಳು. ಆಮೇಲೆ, "ಬಿಸಿಲು ಬಿದ್ದಿದೆ, ಮಂಜು ಕರಗ್ತಾ ಇದೆ. ಇಲ್ಲಿಂದ ನೋಡಿದ್ರೆ ಅಷ್ಟೇನೂ ಕಷ್ಟ ಕಾಣ್ಸಲ್ಲ" ಅಂದಳು. ಎದ್ದು ನಿಂತಳು. ಚೀಲ ಹೆಗಲಿಗೆ ಹಾಕಿದಳು. ಅಂಚಿಗೆ ಹೋಗುವ ದಾರಿ ಎಡಕ್ಕೆ, ಗುಡಿಸಲಿಗೆ ಇಳಿಯುವ ದಾರಿ ಬಲಕ್ಕೆ.

ಅವರಪ್ಪನಿಗೆ ಹೇಳಬೇಕಾದದ್ದೆಲ್ಲ ನನ್ನ ಬಾಯಿಗೆ ಬಂತು. ಆದರೂ ಒಂದು ಮಾತೂ ಆಡಲಿಲ್ಲ. ನಾನು ತಡೆದು ನಿಲ್ಲಿಸಿದರೆ ಇವತ್ತು ನಿಲ್ಲುತ್ತಾಳೆ, ನಾಳೆ ನಾನಿಲ್ಲದಾಗ ಹೋಗುತ್ತಾಳೆ. ಕೋಟಿನ ಅಂಚನ್ನೂ ಬಿಟ್ಟುಬಿಟ್ಟೆ. ನನ್ನ ಜೀವನದಲ್ಲಿ ಅಷ್ಟು ಹೆದರಿದ್ದು ಅದೊಂದೇ ಸಲ ಭಾವ. ತಲೆಯೆತ್ತಿ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಆ ಸತ್ತ ಪ್ರಾಣಿಯನ್ನೂ ನೋಡಲಿಲ್ಲ. ಅವಳ ಬೂಟುಗಳನ್ನೇ ನೋಡುತ್ತಾ ಕೂತಿದ್ದೆ.

ಅವು ಬಹಳ ಹೊತ್ತು ಅಲ್ಲೇ ನಿಂತಿದ್ದವು. ಆಮೇಲೆ ಬಲಕ್ಕೆ ತಿರುಗಿದವು.

ಎಲ್ಸ್‌ಪೆತ್